ಸ್ಕ್ರೂ ತಿರುಗಿಸಿದ ಮಾತ್ರಕ್ಕೆ

ವೇರೂಳಿನ ಕೈಲಾಸ ಗುಡಿಯನ್ನು 8ನೇ ಶತಮಾನದಲ್ಲಿ ಬಂಡೆಯ ನೆತ್ತಿಯಿಂದ ಕೆಳಕ್ಕೆ ಕಡಿದರು. ಒಮ್ಮೆ ಕಡಿದ ಕಲ್ಲನ್ನು ಮತ್ತೆ ಕೂಡಿಸುವಂತಿರಲಿಲ್ಲ. ಯೋಚಿಸಿಯೇ ಉಳಿ ಇಡಬೇಕಿತ್ತು. ಬೋಲ್ಟನ್ನಾದರೆ ಮತ್ತೆ ಬಿಗಿಯಬಹುದು. ಆ ಧೈರ್ಯಕ್ಕೇ ನಮ್ಮ ಗ್ಯಾರೇಜುಗಳಲ್ಲಿ ಯೋಚನೆಗೆ ರಜೆ.

ಇಂಟೇಕ್, ಥ್ರಾಟಲ್ ಬಾಡಿ ಬದಲಿಸಿದ ಪೆಟ್ರೋಲ್ ಕಾರು. ಬಿಸಿಯಾದ ಮೇಲೆ 800ರ ಆಸುಪಾಸಿನಲ್ಲಿ ನಿಲ್ಲಬೇಕಾದ ಐಡಲ್ 1500ಕ್ಕೆ ಏರಿ ಕೂತಿದೆ. ಮೆಕ್ಯಾನಿಕ್ ಸ್ಕ್ರೂ ತಿರುಗಿಸುತ್ತಾನೆ, ಇಲ್ಲವೇ ಲ್ಯಾಪ್‌ಟಾಪ್ ಹಚ್ಚಿ ಟ್ಯೂನ್ ತಿದ್ದುತ್ತಾನೆ. ಮುಳ್ಳು ಇಳಿಯುತ್ತದೆ, ಬಿಲ್ ಏರುತ್ತದೆ, ರೋಗ ಉಳಿಯುತ್ತದೆ.

ಐಡಲ್ ಏರಿದೆಯೆಂದರೆ ಬಹುಪಾಲು ಎಲ್ಲಿಂದಲೋ ಹೆಚ್ಚಿನ ಗಾಳಿ ಒಳಹೋಗುತ್ತಿದೆ ಎಂದೇ ಅರ್ಥ. ಮೊದಲು ಥ್ರಾಟಲ್ ಪೂರ್ತಿ ಮುಚ್ಚುತ್ತಿದೆಯೇ, ಕೇಬಲ್ ಎಳೆದು ನಿಂತಿದೆಯೇ ನೋಡಬೇಕು. ಆಮೇಲೆ ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ಅದುಮಬೇಕು. ಯಾವುದನ್ನು ಅದುಮಿದಾಗ ಐಡಲ್ ಇಳಿಯುತ್ತದೋ ಸೋರಿಕೆ ಆ ಕಡೆ. ಅಲ್ಲೂ ಸಿಗದಿದ್ದರೆ ಮ್ಯಾನಿಫೋಲ್ಡಿನೊಳಗೆ ಹೊಗೆ ಊದಿ ಗ್ಯಾಸ್ಕೆಟ್ ಪರೀಕ್ಷಿಸಬೇಕು. ಐಡಲ್ ವಾಲ್ವ್, ಸೆನ್ಸರು ಆಮೇಲೆ. ಟ್ಯೂನಿನ ಸರದಿ ಕೊನೆಗೆ.

ಇದು ಬರೀ ಪೆಟ್ರೋಲಿನ ಲೆಕ್ಕವಲ್ಲ. ಬ್ರೇಕ್ ಬೂಸ್ಟರಿಗೂ ಅದೇ ವ್ಯಾಕ್ಯೂಮ್ ಬೇಕು. ಸೋರುತ್ತಿರುವುದು ಅದರ ಪೈಪೇ ಆಗಿದ್ದರೆ, ವೇರೂಳಿನಿಂದ ದೌಲತಾಬಾದ್ ಘಾಟಿ ಇಳಿಯುವಾಗ ಪೆಡಲ್ ಕಲ್ಲಾಗುತ್ತದೆ. ಆ ಕಲ್ಲನ್ನು ಯಾವ ಸ್ಕ್ರೂವೂ ಕರಗಿಸದು.