ನೀರು ಯಾರದು, ಮೀನು ಯಾರದು?

“ಸಾಕಿದ ಮೀನ ತಿನಬ್ಯಾಡ್ರಿ, ಹೊಳಿ ಮೀನ ತಿನ್ರಿ, ಅದ ಶುದ್ಧ” ಅಂತ ಈಗ ಪ್ಯಾಟಿ ಮಂದಿ ಹೇಳತಾರ. ಈ ಮಾತು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಮ್ಮ ಹಾಸ್ಟೆಲ್ಲುಗಳ ತನಕವೂ ಬಂದಿದೆ. ಗೆಳೆಯರೇ, ಶುದ್ಧ ಎಂಬ ಶಬ್ದ ಕಿವಿಗೆ ಬಿದ್ದರೆ ನಾವು ಎಚ್ಚರಾಗಬೇಕು. ಆ ಶಬ್ದ ಹಿಡಿದೇ ನಮ್ಮನ್ನು ಊರ ಹೊರಗೆ ಇಟ್ಟರು, ಬಾವಿಯಿಂದ ದೂರ ನಿಲ್ಲಿಸಿದರು. 2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳ ತಾಟಿಗೆ ಮೊಟ್ಟೆ ಬಂದಾಗ ವಿರೋಧಿಸಿದ ಮಠಾಧೀಶರನ್ನೂ ನಾವು ಕಂಡಿದ್ದೇವೆ.

ಆದ್ದರಿಂದ ಮೀನಿನ ವಿಷಯದಲ್ಲಿ ನಾವು ಶುದ್ಧ-ಅಶುದ್ಧ ಕೇಳುವುದಿಲ್ಲ. ಮೂರು ಪ್ರಶ್ನೆ ಕೇಳುತ್ತೇವೆ. ಈ ಮೀನು ಎಲ್ಲಿ ಹುಟ್ಟಿತು? ಏನು ತಿಂದು ಬೆಳೆಯಿತು? ಬೆಳೆದ ನೀರು ಯಾರ ಕೈಯಲ್ಲಿದೆ?

ಎಲ್ಲಿ ಹುಟ್ಟಿತು ನೋಡೋಣ. ಗೆಂಡೆ ಜಾತಿಯ ದೊಡ್ಡ ಮೀನುಗಳು ಮಳೆಗಾಲದ ಹರಿಯುವ ಹೊಸ ನೀರಿಗೆ ಮೇಲೇರಿ ಮೊಟ್ಟೆ ಇಡುವಂಥವು. ಕೃಷ್ಣೆಗೆ ಆಲಮಟ್ಟಿಯಲ್ಲಿ 1964ರಲ್ಲಿ ಅಡಿಗಲ್ಲು ಬಿತ್ತು. ಈಗ ಅಲ್ಲಿ 123 ಟಿಎಂಸಿ ನೀರು ನಿಲ್ಲುತ್ತದೆ. ಕೆಳಗೆ ನಾರಾಯಣಪುರದ ಕಟ್ಟೆ. ಮೀನಿನ ದಾರಿ ಕಟ್ಟಾಯಿತು. ಇತ್ತ ಇಂಡಿ, ಸಿಂದಗಿಯ ಭೀಮೆ ಬೇಸಿಗೆಯಲ್ಲಿ ಮೇಲಿನ ಉಜನಿಯ ದಾರಿ ಕಾಯುತ್ತದೆ. ಅವರು ನೀರು ಬಿಟ್ಟರೆ ಹೊಳೆ, ಇಲ್ಲಾಂದ್ರ ಬರೇ ಉಸುಕು. ಹಿಂಗಾಗಿ ಹಿನ್ನೀರಿಗೆ ಇಲಾಖೆಯೇ ಮೀನುಮರಿ ತಂದು ಬಿಡುತ್ತದೆ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆಗಳಿಗೆ ಮೊಟ್ಟೆ ಇಡಿಸಿದರು. ಇವತ್ತಿನ ಮರಿ ಅದೇ ವಿದ್ಯೆಯ ಫಲ. ಅಂದಮೇಲೆ ಸಂತೆಯಲ್ಲಿ “ಹೊಳಿ ಮೀನ” ಅಂತ ಮಾರುವ ರೋಹು, ಮೃಗಾಲಗಳಲ್ಲಿ ಎಷ್ಟೋ ಮೀನು ತೊಟ್ಟಿಯಲ್ಲಿ ಹುಟ್ಟಿದ್ದೇ.

ಏನು ತಿಂದಿತು? ಕೆರೆಯ ಕಾಟ್ಲಾ, ರೋಹು ನೀರಿನ ಪಾಚಿ, ಸಣ್ಣ ಹುಳ, ಅಕ್ಕಿ ತೌಡು, ಶೇಂಗಾ ಹಿಂಡಿ ತಿಂದು ಬೆಳೆಯುತ್ತವೆ. ಇವನ್ನು ತಿನ್ನಲು ಅಂಜಬೇಕಾಗಿಲ್ಲ. ಆದರೆ ಸಾಕಿದ್ದೆಲ್ಲ ಒಂದೇ ಅಲ್ಲ. ದೊಡ್ಡ ಹೋಟೆಲಿನ ಸಾಕಿದ ಸೀಗಡಿಯ ಮೇವಿನಲ್ಲಿ ಸಮುದ್ರದ ಮೀನಿನ ಪುಡಿ ಇರುತ್ತದೆ. ನಮ್ಮ ಕರಾವಳಿಯ ಬೂತಾಯಿ ಬಡವರ ಮೀನು. ಅದನ್ನು ರಾಶಿ ರಾಶಿ ಕಾರ್ಖಾನೆಗೆ ಹಾಕಿ ಅರೆದು, ಪುಡಿ ಮಾಡಿ, ಎಣ್ಣೆ ತೆಗೆಯುತ್ತಾರೆ. ಬಡವನ ತಾಟಿನ ಮೀನು ಸಾಹುಕಾರನ ಸೀಗಡಿಯ ಮೇವಾಯಿತು. ಇನ್ನು ಆಫ್ರಿಕನ್ ಕ್ಯಾಟ್‌ಫಿಶ್. ಕೋಳಿ ಅಂಗಡಿಯ ಕಸ ಹಾಕಿ ಕದ್ದು ಸಾಕುತ್ತಾರೆ. ಸಾಕುವುದಕ್ಕೆ ನಿಷೇಧವಿದೆ. ಯಾಕಂದ್ರ ಹೊಳೆಗೆ ಬಿದ್ದರೆ ಅದು ನಮ್ಮ ನೆಲದ ಮೀನುಗಳನ್ನೇ ನುಂಗುತ್ತದೆ. ಅಗ್ಗ ಅಂತ ಅದನ್ನು ಕೊಳ್ಳಬಾರದು.

ಹೊಳೆಯಲ್ಲೇ ಹುಟ್ಟಿ ಬೆಳೆದ ಬಾಳೆಮೀನು, ಕೊರವ ಸಿಕ್ಕರೆ ಕೊಳ್ಳಿರಿ. ಆದರೆ ಮಳೆಗಾಲದ ಶುರುವಿಗೆ ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು ಬೇಡ. ಸೊಳ್ಳೆ ಪರದೆಯಂಥ ಬಲೆಗೆ ಬಿದ್ದ ಬೆರಳುದ್ದದ ಮರಿ ಬೇಡ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಂತ್ರದ ದೋಣಿಗಳು ಸುಮ್ಮನೆ ನಿಲ್ಲುತ್ತವೆ. ಸಮುದ್ರಕ್ಕೇ ಬಿಡುವು ಬೇಕಾದರೆ ಭೀಮೆಗೆ ಬೇಡವೇ?

ಈಗ ಮೂರನೆಯ ಪ್ರಶ್ನೆ. ಇದೇ ದೊಡ್ಡದು. ಮುಳವಾಡ, ಚಿಮ್ಮಲಗಿ ಏತ ನೀರಾವರಿಯಿಂದ ಒಣಗಿದ ಕೆರೆಗಳಿಗೆ ಕೃಷ್ಣೆಯ ನೀರು ಬಂತು. ನೀರು ಬಂದಲ್ಲಿ ಮೀನು, ಮೀನು ಬಂದಲ್ಲಿ ರೊಕ್ಕ. ದೊಡ್ಡ ಕೆರೆ ಮೀನುಗಾರಿಕೆ ಇಲಾಖೆಯ ಕೈಲಿ, ಸಣ್ಣ ಕೆರೆ ಗ್ರಾಮ ಪಂಚಾಯಿತಿ ಕೈಲಿ. ಹರಾಜು ಯಾವಾಗ ಆಯಿತು, ಯಾರು ಕೂಗಿದರು ಅನ್ನೋದು ನಮ್ಮ ಕೇರಿಗೆ ಗೊತ್ತಾಗುವುದೇ ಇಲ್ಲ. ಸಂಘದ ಹೆಸರು ಒಬ್ಬರದು, ಗಂಟು ಇನ್ನೊಬ್ಬರದು. ಬಲೆ ಎಳೆಯಲು ಮಾತ್ರ ನಮ್ಮ ಹುಡುಗರು ದಿನಗೂಲಿಗೆ ಬೇಕು. ಇದು ಅಂಬಿಗರ, ಕಬ್ಬಲಿಗರ ಬುಟ್ಟಿಗೆ ಕೈ ಹಾಕುವ ಮಾತಲ್ಲ. ಅವರೂ ನಮ್ಮಂತೆ ಗುತ್ತಿಗೆದಾರನ ಕೈಕೆಳಗೇ ದುಡಿಯುವವರು. ಅವರ ಜೊತೆ ನಿಂತೇ ಕೇಳಬೇಕು.

2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯಲ್ಲಿ ಪರಿಶಿಷ್ಟರಿಗೆ, ಮಹಿಳೆಯರಿಗೆ ನೂರಕ್ಕೆ 60 ಸಹಾಯಧನ, ಉಳಿದವರಿಗೆ 40 ಎಂದು ಬರೆದರು. ಕಾಗದದ ಮೇಲೆ ಚೆಂದ. ಆದರೆ ಹೊಂಡ ತೋಡಲು ಹೊಲ ಎಲ್ಲಿದೆ? ಮಿಕ್ಕ 40 ಯಾರು ಕೊಡತಾರ? ಹೊಲವಿಲ್ಲದವನಿಗೆ ಊರ ಕೆರೆಯೇ ಹೊಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಬೊಗಸೆಯಲ್ಲಿ ಎತ್ತಿ ಕುಡಿದರು. ಅಂದು ಕೇಳಿದ್ದು ನೀರಿನ ಹಕ್ಕು. ಆ ನೀರಿನಲ್ಲಿ ಬೆಳೆಯುವ ಅನ್ನದ ಹಕ್ಕು ಕೇಳುವುದು ನಮ್ಮ ಪಾಲಿನ ಕೆಲಸ.

ಹಾಸ್ಟೆಲ್ ಗೆಳೆಯರೇ, ಈ ರಜೆಗೆ ಊರಿಗೆ ಹೋದಾಗ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿರಿ. ಕೆರೆ ಯಾರ ಹೆಸರಿನಲ್ಲಿದೆ, ಎಷ್ಟು ವರ್ಷಕ್ಕೆ, ಎಷ್ಟು ರೊಕ್ಕಕ್ಕೆ? ಉತ್ತರದ ಕಾಗದ ಕೇರಿಯ ಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆ ಓದಿರಿ. ಗ್ರಾಮಸಭೆಯಲ್ಲಿ ಅದನ್ನೇ ಹಿಡಿದು ಎದ್ದು ನಿಲ್ಲಿರಿ. ಮೀನು ಕೊಳ್ಳುವಾಗ ಬಲೆ ಎಳೆದವನ ಕೈಯಿಂದಲೇ ಕೊಳ್ಳಿರಿ.