ಹುಡುಗಿಯರಿಗೆ ಟೆಂಟ್ ಯಾಕೆ ಬೇಡ?

ಹೋದ ಬೇಸಿಗೆಯಲ್ಲಿ ನಮ್ಮ ಶಾಲೆಯ ಹುಡುಗರು ಹೊನ್ನೆಮರಡು ಕಡೆ ಶರಾವತಿ ಹಿನ್ನೀರಿನ ದಡದಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಇದ್ದು ಬಂದರು. ಹುಡುಗಿಯರಿಗೆ ಕಾಡು, ಕತ್ತಲೆ ಬೇಡ ಅಂದರು. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕೊಟ್ಟಿಗೆಗೆ ಸೊಪ್ಪು ತರಲು ಬೆಟ್ಟಕ್ಕೆ ಹೋಗುವವರು ನಾವೇ ಅಲ್ಲವೇ? ಆಗ ಯಾರೂ ಕಾಡು ಅಂತ ತಡೆಯುವುದಿಲ್ಲ!

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಎಷ್ಟೋ ಊರು ಮುಳುಗಿದವು. ನಮ್ಮ ಅಜ್ಜಿಯ ತವರೂ ಮುಳುಗಿತು. ನೀರು ತುಂಬಾ ಇಳಿದ ವರ್ಷ ಅದಕ್ಕೂ ಹಳೆಯದಾದ ಮಡೇನೂರು ಅಣೆಕಟ್ಟು ಮೇಲೆ ಕಾಣುತ್ತೆ. ಇದನ್ನೆಲ್ಲ ನಾವೂ ನೋಡಬೇಡವೇ?

ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ನೀರೊಳಗೆ ಹಳೇ ಮರದ ಬೊಡ್ಡೆಗಳಿವೆ, ದಡದಲ್ಲಿ ಕೆಸರು. ಈಜು ಬಂದರೂ ಲೈಫ್ ಜಾಕೆಟ್ ಹಾಕಲೇಬೇಕು. ಒಣಗಿದ ತರಗೆಲೆಗೆ ಒಂದು ಕಿಡಿ ಸಾಕು, ಆದ್ದರಿಂದ ಬೆಂಕಿ ಹಾಕಬಾರದು, ಅಡುಗೆಗೆ ಗ್ಯಾಸ್ ಒಲೆ ಇರಲಿ. (ಹುಡುಗರು ಮಾಡಿದ ಅನ್ನ ಸೀದು ಹೋಗಿತ್ತಂತೆ, ಅದು ಬೇರೆ ವಿಷಯ.) ಆದರೆ ನೀರು, ಬೆಂಕಿಗೆ ಹುಡುಗ ಹುಡುಗಿ ಅಂತ ಗೊತ್ತಾಗುತ್ತದೆಯೇ?

ನಮಗೆ ಬೇರೆ ಟೆಂಟ್ ಕೊಡಿ, ಜೊತೆಗೆ ಒಬ್ಬರು ಅಕ್ಕೋರು ಬರಲಿ. ಮನೆಯಲ್ಲಿ ನಾವೇ ಕೇಳಿ ಒಪ್ಪಿಸುತ್ತೇವೆ. ಮುಂದಿನ ವರ್ಷ ನಾವು ಈ ಶಾಲೆಯಲ್ಲಿ ಇರುವುದಿಲ್ಲ, ಈ ಬೇಸಿಗೆಯಲ್ಲೇ ಕರೆದುಕೊಂಡು ಹೋಗಿ ಸಾರ್.

– 7ನೇ ತರಗತಿಯ ವಿದ್ಯಾರ್ಥಿನಿ