ಗೋಡೆಯ ಬೆವರು

ರಾಯಚೂರು ಸೀಮೆಯವರ ಮುಂದೆ ತೇವದ ಮಾತೆತ್ತಿದರೆ ಅವರಿಗೆ ನಗು ಬಂದೀತು. ಬೇಸಗೆಯಲ್ಲಿ ನೆರಳೂ ಸುಡುವ ನಾಡು ಅದು. ತೇವವೇನಿದ್ದರೂ ಆಗುಂಬೆಯವರ, ಮಂಗಳೂರಿನವರ ಪಾಡೆಂಬುದು ರೂಢಿಯ ಭಾವನೆ. ಆದರೆ ಮಾನ್ವಿ, ದೇವದುರ್ಗ, ಮಲ್ಲಟಗಳ ಕಡೆಯ ಹಳೆಯ ಮಾಳಿಗೆಮನೆಯೊಂದನ್ನು ಸೆಪ್ಟೆಂಬರಿನ ಜಡಿಮಳೆಯಲ್ಲಿ ಹೊಕ್ಕು ನೋಡಬೇಕು. ದಪ್ಪ ಗೋಡೆ, ಮೇಲೆ ಸವಳುಮಣ್ಣಿನ ಮಾಳಿಗೆ, ವಿರಳವಾದ ಕಿಟಕಿ, ಬೆಳಕಿಗೊಂದು ಗವಾಕ್ಷಿ. ಬಿಸಿಲನ್ನು ಹೊರಗಿಡಲೆಂದೇ ಕಟ್ಟಿದ ಮನೆ, ಒಳಗೆ ಹುಟ್ಟಿದ ತೇವವನ್ನೂ ಅಷ್ಟೇ ನಿಷ್ಠೆಯಿಂದ ಕಾಯ್ದುಕೊಳ್ಳುತ್ತದೆ.

ಆ ತೇವವೆಲ್ಲ ಮಳೆಯದಲ್ಲ. ನಾಲ್ವರು ಬಾಗಿಲು ಮುಚ್ಚಿ ಮಲಗಿದರೆ, ಬೆಳಗಾಗುವುದರೊಳಗೆ ಅವರ ಉಸಿರು ಬೆವರುಗಳಿಂದಲೇ ಸುಮಾರು ಒಂದು ಲೀಟರು ನೀರು ಕೋಣೆಯ ಗಾಳಿಯನ್ನು ಸೇರುತ್ತದೆ. ಕುದಿಯುವ ಬೇಳೆ, ಒಳಗೆ ಹರವಿದ ಒದ್ದೆ ಸೀರೆ ಇವೂ ಕೂಡುತ್ತವೆ. 30 ಡಿಗ್ರಿ ಉಷ್ಣದ ಒಂದು ಘನಮೀಟರು ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹೊರಬಲ್ಲದು; 20 ಡಿಗ್ರಿಗಿಳಿದರೆ 17 ಗ್ರಾಮಿಗೇ ಸಾಕೆನ್ನುತ್ತದೆ. ಮಿಕ್ಕದ್ದು ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುತ್ತದೆ. ತೇವಾಂಶ ನೂರಕ್ಕೆ 60ನ್ನು ಮೀರಿ ದಿನಗಟ್ಟಲೆ ನಿಂತಿತೆಂದರೆ ಹಾಸಿಗೆಯಲ್ಲಿ ಧೂಳಿನ ನುಸಿ, ಕಪಾಟಿನ ಹಿಂದೆ ಬೂಷ್ಟು. ಉಬ್ಬಸವಿರುವ ಮಗುವಿನ ಪಾಲಿಗೆ ಇದು ಬರಿಯ ಗೋಡೆಯ ಅಂದದ ಪ್ರಶ್ನೆಯಲ್ಲ.

ಇಷ್ಟು ಸಾಲದೆಂಬಂತೆ, ಬೇಸಗೆಯಲ್ಲಿ ತಂದ ಏರ್‌ಕೂಲರನ್ನು ಮಳೆಗಾಲದಲ್ಲಿಯೂ ಓಡಿಸುವವರುಂಟು! ಏಪ್ರಿಲಿನ ಒಣಗಾಳಿ ಅದರ ನೀರನ್ನು ಕುಡಿದು ತಂಪಾಗುತ್ತದೆ. ಆಗಸ್ಟಿನ ಗಾಳಿ ಮೊದಲೇ ನೀರು ಕುಡಿದದ್ದು; ತಂಪು ಹೆಚ್ಚೇನೂ ದೊರೆಯದು, ತೇವ ಮಾತ್ರ ಬೆಳೆಯುತ್ತದೆ.

ಗಾಳಿಯಿಂದ ನೀರನ್ನು ಹಿಂಡುವ ವಿದ್ಯೆಗೆ ಪತ್ರಿಕಾಪ್ರಪಂಚದ ನಂಟುಂಟು. 1902ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರದಾಯಿತು. ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ ತೇವವನ್ನು ಇಳಿಸುವ ಯೋಜನೆ ಮಾಡಿದನು. ಏರ್‌ಕಂಡಿಷನಿಂಗ್ ಹುಟ್ಟಿದ್ದು ಹೀಗೆ, ಮನುಷ್ಯರ ಸುಖಕ್ಕಲ್ಲ, ಕಾಗದದ ಹಿತಕ್ಕೆ. ಇಂದಿನ ಡಿಹ್ಯೂಮಿಡಿಫೈಯರಿನದೂ ಅದೇ ತತ್ತ್ವ: ಆವಿ ಹನಿಯಾಗಿ ತೊಟ್ಟಿಗಿಳಿಯುತ್ತದೆ, ಗಾಳಿ ಕೊಂಚ ಬೆಚ್ಚಗಾಗಿ ಹಿಂದಿರುಗುತ್ತದೆ. ಕಿಟಕಿ ತೆರೆದಿಟ್ಟು ಅದನ್ನು ನಡೆಸುವುದು ಊರನ್ನೇ ಒಣಗಿಸಹೊರಟಂತೆ.

ಯಂತ್ರವಿಲ್ಲದವರು ಅಡಿಗೆಯ ಪಾತ್ರೆಗೆ ಮುಚ್ಚಳವಿಡಲಿ, ಕಪಾಟನ್ನು ಗೋಡೆಯಿಂದ ಗೇಣುದೂರ ಸರಿಸಲಿ, ಬಟ್ಟೆಯನ್ನು ಪಡಸಾಲೆಯಲ್ಲಿ ಒಣಹಾಕಲಿ. ಮಳೆ ಹೊಳವಾಗಿ ಒಣಗಾಳಿ ಬೀಸಿದಾಗ ಎದುರುಬದುರಿನ ಕಿಟಕಿ ಬಾಗಿಲುಗಳನ್ನು ತೆರೆಯಬೇಕು. ಜಡಿ ಹಿಡಿದಾಗ ಮುಚ್ಚಬೇಕು. ಸಿಲಿಕಾ ಜೆಲ್ಲಿನ ಪೊಟ್ಟಣ ಟ್ರಂಕಿಗೆ ಸರಿ, ಕೋಣೆಗೆ ಸಾಲದು. ಸುಡುಸುಣ್ಣದ ಕಲ್ಲನ್ನು ಮೂಲೆಯಲ್ಲಿಡುವ ಹಳೆಯ ಉಪಾಯ ಮಕ್ಕಳಿರುವ ಮನೆಗೆ ಬೇಡವೇ ಬೇಡ. ನೀರು ತಗುಲಿದೊಡನೆ ಅದು ಕಾಯುತ್ತದೆ, ಕಣ್ಣಿಗೆ ಬಿದ್ದರೆ ಕೇಡು.

ಮಾಳಿಗೆಯೇ ಸೋರುತ್ತಿದ್ದಲ್ಲಿ ಇವಾವುವೂ ನಡೆಯವು. ಅಂಥಲ್ಲಿ ಮೊದಲ ಖರ್ಚು ಹೊಸ ಸವಳುಮಣ್ಣಿಗೆ, ಅದೂ ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲಿ.